ಪೌಲನ ರೋಮ್ ಪ್ರಯಾಣ: ಶತಾಧಿಪತಿಯು ಕೈದಿಯ ಮಾತನ್ನು ಏಕೆ ಕೇಳಲಿಲ್ಲ?

ಪ್ರಶ್ನೆ (ವರ್ಲಿ, ಮುಂಬಯಿ)

ಮಾನ್ಯರೆ,

ಮುಂಬಯಿಯಲ್ಲಿ ನೆಲೆಸಿರುವ ನಾವು ಕೆಲವು ಕನ್ನಡ ಕುಟುಂಬದವರು ಭಾನುವಾರ ಸಂಜೆ ಒಂದೆಡೆ ಸೇರಿ, ವಾರಕ್ಕೊಂದು ಅಧ್ಯಾಯದಂತೆ ಬೈಬಲಿನ ಅಪೊಸ್ತಲರ ಕೃತ್ಯಗಳನ್ನು ಓದುತ್ತಿದ್ದೇವೆ. ಇಪ್ಪತ್ತೇಳನೆಯ ಅಧ್ಯಾಯಕ್ಕೆ ಬಂದವರು ಎರಡು ವಾರಗಳಿಂದ ಅಲ್ಲಿಯೇ ನಿಂತಿದ್ದೇವೆ. ರೋಮನ್ ಚಕ್ರವರ್ತಿಯಾದ ಕೈಸರನಿಗೇ ಮೊರೆಯಿಟ್ಟ ಕೈದಿ, ಅಪೊಸ್ತಲ ಪೌಲನನ್ನು ಕೈಸರೈಯದಿಂದ ರೋಮ್‌ಗೆ ಕರೆದೊಯ್ಯುವ ಹೊಣೆ ಜೂಲಿಯಸ್ ಎಂಬ ಶತಾಧಿಪತಿಯದು. ಮುರ ಪಟ್ಟಣದಲ್ಲಿ ಹಡಗು ಬದಲಿಸಿ, ಎದುರುಗಾಳಿಯಲ್ಲಿ ಏಗುತ್ತ ಅವರು ಕ್ರೇತ ದ್ವೀಪದ ದಕ್ಷಿಣ ಕರಾವಳಿಯ ಒಂದು ರೇವನ್ನು ಸೇರುತ್ತಾರೆ. ಇನ್ನು ಮುಂದೆ ಹೋದರೆ ಹಡಗಿಗೂ ಪ್ರಾಣಕ್ಕೂ ನಷ್ಟವೆಂದು ಪೌಲನು ಅಲ್ಲಿ ಎಚ್ಚರಿಸುತ್ತಾನೆ. ಜೂಲಿಯಸನು ಮಾತ್ರ ನಾವಿಕನ ಮತ್ತು ಹಡಗಿನ ಯಜಮಾನನ ಮಾತಿಗೇ ಬೆಲೆ ಕೊಡುತ್ತಾನೆ.

ನಮ್ಮ ಮನೆಯ ಹತ್ತಿರವೇ ಮೀನುಗಾರರ ಕೇರಿಯಾದ ಕೋಳಿವಾಡವಿದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ದಡದಲ್ಲಿ ನೀಲಿ ತಾಡಪತ್ರಿ ಹೊದ್ದು ಮಲಗಿರುತ್ತವೆ. ಹಿರಿಯರಂತೂ ನಾರಳಿ ಪೂರ್ಣಿಮೆಯಂದು ಸಮುದ್ರಕ್ಕೆ ತೆಂಗಿನಕಾಯಿ ಅರ್ಪಿಸುವವರೆಗೆ ನೀರಿಗಿಳಿಯಲು ಒಪ್ಪುವುದಿಲ್ಲ. ಕಡಲಿಗೆ ಬಾಗಿಲು ಹಾಕುವ ತಿಂಗಳುಗಳಿವೆ ಎಂಬುದು ಇಲ್ಲಿನ ಮಕ್ಕಳಿಗೂ ಗೊತ್ತು. ರೋಮನರಿಗೆ ಗೊತ್ತಿರಲಿಲ್ಲವೇ? ಇನ್ನೊಂದು ಸಂದೇಹವೂ ಇದೆ. ಕೊನೆಗೆ ಹಡಗು ಮಾಲ್ಟಾ ದ್ವೀಪದ ಬಳಿ ಒಡೆದು, ದಡ ಕಣ್ಣಿಗೆ ಕಾಣುತ್ತಿರುವಾಗ ಸೈನಿಕರು ಕೈದಿಗಳನ್ನು ಕೊಂದುಹಾಕಲು ಹೊರಟದ್ದೇಕೆ?

ಉತ್ತರ 1 (ವಾಸ್ಕೋ, ಗೋವಾ)

ನಮಸ್ಕಾರ. ನಾನು ಕಾರವಾರದ ಕಡೆಯವನು. ಹಡಗುಗಳಲ್ಲಿ ಬಹುಕಾಲ ದುಡಿದು ಈಗ ವಾಸ್ಕೋದಲ್ಲಿದ್ದೇನೆ. ಈ ಅಧ್ಯಾಯವನ್ನು ಭಕ್ತಿಗಿಂತ ಹೆಚ್ಚಾಗಿ ಕಸುಬಿನ ಕಣ್ಣಿನಿಂದ ಓದಿದವನಾದ್ದರಿಂದ, ಜೂಲಿಯಸನ ಪರವಾಗಿ ಒಂದೆರಡು ಮಾತು ಹೇಳಬೇಕೆನಿಸುತ್ತದೆ.

ರೋಮನರಿಗೆ ಚೆನ್ನಾಗಿಯೇ ಗೊತ್ತಿತ್ತು. ಸೆಪ್ಟೆಂಬರ್ ನಡುವಿನಿಂದ ಪ್ರಯಾಣ ಅಪಾಯಕರ, ನವೆಂಬರ್ 11ರಿಂದ ಮಾರ್ಚ್ 10ರವರೆಗೆ ಸಮುದ್ರ ಮುಚ್ಚಿದಂತೆ ಎಂದು ವೆಜೀಟಿಯಸ್ ಎಂಬ ರೋಮನ್ ಲೇಖಕನು ಬರೆದಿದ್ದಾನೆ. ‘ಉಪವಾಸದ ದಿನವೂ ಕಳೆದುಹೋಗಿತ್ತು’ ಎಂದು ಈ ಗ್ರಂಥದ ಕರ್ತನೆನ್ನಲಾದ ಲೂಕನು ಹೇಳುವುದು ಯೆಹೂದ್ಯರ ದೋಷಪರಿಹಾರಕ ದಿನವನ್ನು ಕುರಿತು. ಅದು ಸೆಪ್ಟೆಂಬರ್ ಕೊನೆಗೋ ಅಕ್ಟೋಬರಿನಲ್ಲೋ ಬರುತ್ತದೆ. ವರ್ಷ ಕ್ರಿ.ಶ. 59 ಅಥವಾ 60 ಎಂದು ಬಹಳಷ್ಟು ವಿದ್ವಾಂಸರು ಲೆಕ್ಕ ಹಾಕುತ್ತಾರೆ. ಅಂದರೆ ಬಾಗಿಲು ಇನ್ನೂ ಪೂರ್ತಿ ಮುಚ್ಚಿರಲಿಲ್ಲ, ಮುಚ್ಚುತ್ತಿತ್ತು. ಜೊತೆಗೆ ಅದು ಈಜಿಪ್ಟಿನ ಗೋಧಿ ಹೊತ್ತು ಇಟಲಿಗೆ ಹೊರಟಿದ್ದ ಅಲೆಕ್ಸಾಂಡ್ರಿಯದ ಹಡಗು. ರೋಮ್ ನಗರದ ಹೊಟ್ಟೆ ತುಂಬುತ್ತಿದ್ದುದೇ ಇಂಥ ಹಡಗುಗಳಿಂದ. ಚಳಿಗಾಲದಲ್ಲೂ ಧಾನ್ಯ ಬರಲಿ ಎಂದು, ಬಿರುಗಾಳಿಯಿಂದ ವರ್ತಕರಿಗೆ ಆಗುವ ನಷ್ಟವನ್ನು ತಾನೇ ತುಂಬಿಕೊಡುವುದಾಗಿ ಹಿಂದಿನ ಚಕ್ರವರ್ತಿ ಕ್ಲಾಡಿಯಸನು ಮಾತು ಕೊಟ್ಟಿದ್ದನು. ಯಜಮಾನನ ಧೈರ್ಯಕ್ಕೆ ಇಂಥ ಅಭ್ಯಾಸದ ಬೆಂಬಲವೂ ಇದ್ದಿರಬಹುದು.

ಆದರೆ ಆ ರೇವಿನಲ್ಲಿ ಚರ್ಚೆ ನಡೆದದ್ದು ಇಟಲಿಯ ಬಗ್ಗೆ ಅಲ್ಲವೇ ಅಲ್ಲ, ಚಳಿಗಾಲವನ್ನು ಎಲ್ಲಿ ಕಳೆಯಬೇಕು ಎಂಬುದರ ಬಗ್ಗೆ. ಗ್ರೀಕಿನಲ್ಲಿ ಆ ಜಾಗದ ಹೆಸರಿಗೆ ‘ಚಂದದ ರೇವುಗಳು’ ಎಂಬ ಅರ್ಥವಿದೆ. ಚಂದವೆಲ್ಲ ಹೆಸರಿನಲ್ಲಿ ಮಾತ್ರ. ಗಾಳಿಗೆ ತೆರೆದುಕೊಂಡ ಆ ಕೊಲ್ಲಿಯಲ್ಲಿ 276 ಜನ ತಿಂಗಳುಗಟ್ಟಲೆ ತಂಗುವುದು ಸುಲಭವಲ್ಲ. (ಆ ಸಂಖ್ಯೆ ಉತ್ಪ್ರೇಕ್ಷೆಯೆಂದು ಯಾರಾದರೂ ಹೇಳಿದರೆ, ಕೆಲವೇ ವರ್ಷಗಳ ನಂತರ ಸುಮಾರು 600 ಜನರಿದ್ದ ಹಡಗಿನಲ್ಲಿ ರೋಮ್‌ಗೆ ಹೊರಟು ಪೌಲನ ಹಡಗು ಅಲೆದ ಆದ್ರಿಯ ಸಮುದ್ರದಲ್ಲೇ ಮುಳುಗಿ ಬದುಕಿದ ಇತಿಹಾಸಕಾರ ಜೋಸೆಫಸನನ್ನು ನೆನಪಿಸಿರಿ.) ಪಶ್ಚಿಮಕ್ಕೆ ಅದೇ ಕರಾವಳಿಯಲ್ಲಿ ಫೊಯಿನಿಕ್ಸ್ ಎಂಬ ಒಳ್ಳೆಯ ಬಂದರಿತ್ತು, ಗಾಳಿ ಸರಿಯಿದ್ದರೆ ಒಂದು ಹಗಲಿನ ಹಾದಿ. ನಾನು ಆ ಹಡಗಿನಲ್ಲಿದ್ದಿದ್ದರೆ ಬಹುಶಃ ನಾವಿಕನ ಪಕ್ಷಕ್ಕೇ ಸೇರುತ್ತಿದ್ದೆ.

ತಪ್ಪಾದದ್ದು ಆಮೇಲೆ. ದಕ್ಷಿಣದ ಗಾಳಿ ಮೆಲ್ಲನೆ ಬೀಸಿತು, ಅವರು ನಂಬಿಬಿಟ್ಟರು. ಎಷ್ಟು ನಂಬಿದರೆಂಬುದಕ್ಕೆ ಒಂದು ಸಣ್ಣ ಗುರುತಿದೆ: ಹಡಗಿನ ಚಿಕ್ಕ ದೋಣಿಯನ್ನು ಮೇಲೆತ್ತದೆ, ನೀರಿನಲ್ಲಿಯೇ ಎಳೆದುಕೊಂಡು ಹೊರಟಿದ್ದರು. ದ್ವೀಪದ ಬೆಟ್ಟಗಳ ಕಡೆಯಿಂದ ಯೂರಕುಲೋನ್ ಎಂಬ ಈಶಾನ್ಯದ ಬಿರುಗಾಳಿ ಹೊಡೆದ ಮೇಲೆ, ಕೌದ ಎಂಬ ನಡುಗಡ್ಡೆಯ ಮರೆಯಲ್ಲಿ ‘ನಾವು’ ಬಹು ಪ್ರಯಾಸದಿಂದ ಆ ದೋಣಿಯನ್ನು ವಶಕ್ಕೆ ತಂದುಕೊಂಡೆವು ಎಂದು ಲೂಕನು ಬರೆಯುತ್ತಾನೆ. ಆ ‘ನಾವು’ ಎಂಬುದನ್ನು ಗಮನಿಸಿರಿ. ಪ್ರಯಾಣಿಕರೂ ಹಗ್ಗಕ್ಕೆ ಕೈ ಹಾಕಿದಂತಿದೆ. ನೀರು ತುಂಬಿದ ದೋಣಿಯನ್ನು ತೊಯ್ದ ಹಗ್ಗದಿಂದ ಎಳೆದವರಿಗೆ ಅಂಗೈಯ ಚರ್ಮ ಹೇಗೆ ಸುಲಿಯುತ್ತದೆಂದು ಗೊತ್ತು.

ಆಮೇಲಿನ ಕೆಲಸಗಳೆಲ್ಲ ಪಳಗಿದ ಕೈಗಳವು. ಹಲಗೆಗಳು ಬಿಟ್ಟುಕೊಳ್ಳದಂತೆ ಹಡಗಿನ ಹೊಟ್ಟೆಗೆ ಹಗ್ಗ ಸುತ್ತಿ ಬಿಗಿದರು. ಆಫ್ರಿಕಾ ತೀರದ ಸುರ್ತಿಸ್ ಎಂಬ ಉಸುಬಿನ ದಿಬ್ಬಗಳಿಗೆ ಹೆದರಿ ವೇಗ ತಗ್ಗಿಸಿ ತೇಲಲು ಬಿಟ್ಟರು. ಸರಕನ್ನೂ ಮೂರನೆಯ ದಿನ ಸಲಕರಣೆಗಳನ್ನೂ ಕಡಲಿಗೆ ಎಸೆದರು. ದಿಕ್ಸೂಚಿಯಿಲ್ಲದ ಕಾಲದಲ್ಲಿ ಸೂರ್ಯನಾಗಲಿ ನಕ್ಷತ್ರಗಳಾಗಲಿ ಅನೇಕ ದಿನ ಕಾಣಲಿಲ್ಲವೆಂದರೆ ತಾವು ಎಲ್ಲಿದ್ದೇವೆಂಬುದೇ ಅವರಿಗೆ ತಿಳಿಯದು. ಜೇಮ್ಸ್ ಸ್ಮಿತ್ ಎಂಬ ಸ್ಕಾಟ್ಲೆಂಡಿನ ಹವ್ಯಾಸಿ ನಾವಿಕ 1848ರಲ್ಲಿ ಪ್ರಕಟಿಸಿದ ಲೆಕ್ಕ ನನಗೆ ಅಚ್ಚುಮೆಚ್ಚು. ಹೀಗೆ ತೇಲುವ ಹಡಗು ಗಂಟೆಗೆ ಸುಮಾರು ಒಂದೂವರೆ ಮೈಲಿ ಸರಿಯುತ್ತದೆ, ಕೌದದಿಂದ ಮಾಲ್ಟಾಕ್ಕೆ ಸುಮಾರು 476 ಮೈಲಿ; ಭಾಗಿಸಿದರೆ ಹದಿಮೂರು ದಿನ ಚಿಲ್ಲರೆ. ಲೂಕನು ಹೇಳುವುದು ಹದಿನಾಲ್ಕನೆಯ ರಾತ್ರಿ.

ಆ ರಾತ್ರಿ ಸೀಸದ ಗುಂಡು ಬಿಟ್ಟು ನೋಡಿದರೆ ಆಳ ಇಪ್ಪತ್ತು ಮಾರು, ಸ್ವಲ್ಪ ಮುಂದೆ ಹದಿನೈದು. ಗ್ರೀಕ್ ಅಳತೆಯೂ ನಮ್ಮ ಮಾರಿನಂತೆ ಚಾಚಿದ ಎರಡು ತೋಳುಗಳ ಉದ್ದವೇ. ಕೂಡಲೇ ಹಿಂಭಾಗದಿಂದ ನಾಲ್ಕು ಲಂಗರು ಇಳಿಸಿದರು. ಮುಂಭಾಗದಿಂದ ಇಳಿಸಿದ್ದರೆ ಹಡಗು ಗಾಳಿಗೆ ತಿರುಗಿ ನಿಲ್ಲುತ್ತಿತ್ತು. ಹೀಗೆ ಮಾಡಿದ್ದರಿಂದ ಮೂತಿ ದಡದ ಕಡೆಗೇ ಉಳಿಯಿತು, ಬೆಳಗಾದ ಮೇಲೆ ಲಂಗರು ಕಡಿದು ನೇರವಾಗಿ ನುಗ್ಗಲು ಅನುಕೂಲವಾಯಿತು.

ಉತ್ತರ 2 (ಪುಣೆ)

ವಾಸ್ಕೋದ ಹಿರಿಯರ ವಿವರಣೆಗೆ ಕೃತಜ್ಞತೆಗಳು. ಪ್ರಶ್ನೆಯ ಎರಡನೆಯ ಭಾಗ ಹಾಗೆಯೇ ಉಳಿದಿರುವುದರಿಂದ ಅದನ್ನು ಎತ್ತಿಕೊಳ್ಳುತ್ತೇನೆ. ಕೈದಿ ತಪ್ಪಿಸಿಕೊಂಡರೆ ಕಾವಲುಗಾರನೇ ತಲೆ ಕೊಡಬೇಕಾಗುತ್ತಿತ್ತು. ಅದೇ ಗ್ರಂಥದ ಹನ್ನೆರಡನೆಯ ಅಧ್ಯಾಯದಲ್ಲಿ ಪೇತ್ರನು ಸೆರೆಮನೆಯಿಂದ ಪಾರಾದಾಗ ಹೆರೋದನು ಕಾವಲುಗಾರರಿಗೆ ಮರಣದಂಡನೆ ವಿಧಿಸುತ್ತಾನೆ. ಹದಿನಾರನೆಯದರಲ್ಲಿ ಬಾಗಿಲುಗಳು ತೆರೆದಿರುವುದನ್ನು ಕಂಡ ಫಿಲಿಪ್ಪಿಯ ಸೆರೆಯ ಯಜಮಾನನು ಕತ್ತಿ ಹಿರಿದು ತನ್ನನ್ನೇ ಇರಿದುಕೊಳ್ಳಲು ಹೊರಡುತ್ತಾನೆ. ಈಜಿ ಓಡಿಹೋಗುವ ಕೈದಿ ಸೈನಿಕನ ಪಾಲಿಗೆ ಯಮನೇ. ಪೌಲನನ್ನು ಉಳಿಸಲು ಬಯಸಿ ಅವರನ್ನು ತಡೆದ ಜೂಲಿಯಸನು ತನ್ನ ಕುತ್ತಿಗೆಯನ್ನೇ ಒತ್ತೆಯಿಟ್ಟಂತಾಯಿತು.

ಪೌಲನ ಎಚ್ಚರಿಕೆಯನ್ನು ಪ್ರವಾದನೆಯೆಂದು ಓದುವವರೊಡನೆ ಮಾತ್ರ ನನಗೆ ಭಿನ್ನಾಭಿಪ್ರಾಯವಿದೆ. ರೇವಿನಲ್ಲಿ ಅವನು ‘ನನಗೆ ತೋರುತ್ತದೆ’ ಎಂಬ ಧಾಟಿಯಲ್ಲಿ ಮಾತಾಡುತ್ತಾನೆ, ಪ್ರಾಣನಷ್ಟವಾಗುವುದೆಂದೂ ಸೇರಿಸುತ್ತಾನೆ. ಕೊನೆಗೆ ಒಬ್ಬನೂ ಸಾಯಲಿಲ್ಲ. ದೇವದೂತನು ಕಾಣಿಸಿಕೊಂಡ ಮಾತು ಬರುವುದು ಬಿರುಗಾಳಿಯ ನಡುವೆ. ಹಾಗಾದರೆ ಮೊದಲನೆಯದು ಅನುಭವದ ಮಾತು. ಈ ಪ್ರಯಾಣಕ್ಕೆ ಮುಂಚೆಯೇ ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಲ್ಲಿ, ತಾನು ಮೂರು ಸಾರಿ ಹಡಗು ಒಡೆದು ನಷ್ಟಪಟ್ಟೆನೆಂದೂ ಒಂದು ರಾತ್ರಿ ಒಂದು ಹಗಲು ಸಮುದ್ರದಲ್ಲಿ ಕಳೆದೆನೆಂದೂ ಅವನು ಹೇಳಿಕೊಂಡಿದ್ದಾನೆ. ಮಾಲ್ಟಾದ್ದು ನಾಲ್ಕನೆಯದು! ಜನ ಊಟ ಬಿಟ್ಟು ಕುಳಿತಿದ್ದಾಗ ಅವನು ‘ನನ್ನ ಮಾತು ಕೇಳಬೇಕಾಗಿತ್ತು’ ಎಂದು ಶುರುಮಾಡುವುದನ್ನು ಓದಿದಾಗಲೆಲ್ಲ ನನಗೆ ನಮ್ಮ ಮನೆಯ ಹಿರಿಯರೇ ನೆನಪಾಗುತ್ತಾರೆ.

ಉತ್ತರ 3 (ವಾಸ್ಕೋ, ಗೋವಾ)

ಪುಣೆಯವರ ಮಾತನ್ನು ಒಪ್ಪುತ್ತೇನೆ, ಒಂದನ್ನು ಸೇರಿಸುತ್ತೇನೆ. ಅದೇ ಕೊನೆಯ ರಾತ್ರಿ ನಾವಿಕರು ಮುಂಭಾಗದಿಂದಲೂ ಲಂಗರು ಹಾಕುವ ನೆಪದಲ್ಲಿ ಆ ಚಿಕ್ಕ ದೋಣಿಯನ್ನು ಇಳಿಸಿ ತಪ್ಪಿಸಿಕೊಳ್ಳಲು ನೋಡಿದರು. ಇವರು ಹಡಗಿನಲ್ಲಿ ನಿಲ್ಲದಿದ್ದರೆ ನೀವು ಬದುಕುವುದಿಲ್ಲ ಎಂದು ಪೌಲನು ಹೇಳಿದನು. ಹಡಗನ್ನು ದಡಕ್ಕೆ ನುಗ್ಗಿಸಲು ಬೇರೆ ಯಾರಿಗೆ ಬರುತ್ತಿತ್ತು? ಸೈನಿಕರು ಹಗ್ಗವನ್ನೇ ಕಡಿದು ದೋಣಿಯನ್ನು ಕಡಲಿಗೆ ಬಿಟ್ಟರು. ಪೌಲನು ಕಡಿಯಿರಿ ಎಂದಿರಲಿಲ್ಲ. ಮೊದಲು ಅವನ ಮಾತನ್ನು ಕೇಳದವರು ಈಗ ಅಗತ್ಯಕ್ಕಿಂತ ಹೆಚ್ಚಾಗಿ ಕೇಳಿಬಿಟ್ಟರು. ಬೆಳಿಗ್ಗೆ ಆ ದೋಣಿ ಇದ್ದಿದ್ದರೆ ಅಷ್ಟೊಂದು ಜನ ಹಲಗೆ, ಹಡಗಿನ ತುಂಡುಗಳನ್ನು ಹಿಡಿದುಕೊಂಡು ದಡ ಸೇರಬೇಕಾಗಿರಲಿಲ್ಲ.

ಪ್ರಶ್ನೆ ಕೇಳಿದವರಿಂದ (ವರ್ಲಿ, ಮುಂಬಯಿ)

ಇಬ್ಬರಿಗೂ ವಂದನೆಗಳು. ಭಾನುವಾರ ತಮ್ಮ ಉತ್ತರಗಳನ್ನು ಎಲ್ಲರಿಗೂ ಓದಿ ಹೇಳಿದೆ. ನೀರಿನಲ್ಲೇ ಉಳಿದ ಆ ದೋಣಿಯನ್ನು ನಾವು ಯಾರೂ ಗಮನಿಸಿರಲಿಲ್ಲ. ‘ಮಾರು’ ಎಂದರೆ ಎಷ್ಟೆಂದು ಮಕ್ಕಳು ಕೇಳಿದಾಗ, ಎಂಬತ್ತು ದಾಟಿರುವ ನಮ್ಮ ತಂದೆಯವರು ಎದ್ದು ನಿಂತು ಎರಡೂ ತೋಳುಗಳನ್ನು ಚಾಚಿದರು. ನಮ್ಮ ಕೋಣೆಯ ಅಗಲ ಒಂದೂವರೆ ಮಾರು ಎಂದು ತಿಳಿಯಿತು. ಹದಿನೈದು ಮಾರೆಂದರೆ ಒಂಬತ್ತು ಮಹಡಿಗಳಷ್ಟು ಎಂದು ಮೊಮ್ಮಗಳು ಲೆಕ್ಕ ಹಾಕಿದಳು. ಆಮೇಲೆ ಮಕ್ಕಳೆಲ್ಲ ಬಾಲ್ಕನಿಗೆ ಹೋಗಿ, ಬಹಳ ಹೊತ್ತು ಕೆಳಗೆ ನೋಡುತ್ತ ನಿಂತಿದ್ದರು.