ನಾಲ್ಕು ವರ್ಷಗಳಿಂದ ಸೇವಿಸುತ್ತಿರುವ ‘ಗ್ಯಾಸ್ಟ್ರಿಕ್ ಮಾತ್ರೆ’ಯನ್ನು ನಿಲ್ಲಿಸಬಹುದೇ?

ಪ್ರಶ್ನೆ (ಬದಿಯಡ್ಕ)

ಮಾನ್ಯರೇ, ನನ್ನ ತಾಯಿಗೆ ಈಗ 64 ವರ್ಷ. ನಾಲ್ಕು ವರ್ಷಗಳ ಹಿಂದೆ ಅಡಿಕೆ ಸುಲಿಯುವ ದಿನಗಳಲ್ಲಿ ಅವರ ಮೊಣಕಾಲು ನೋವು ವಿಪರೀತವಾದಾಗ, ವೈದ್ಯರು ನೋವಿಗೆ ಡೈಕ್ಲೋಫಿನಾಕ್ ಮತ್ತು ಅದರೊಂದಿಗೆ ಜಠರದ ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ 40 ಮಿಲಿಗ್ರಾಂ ಮಾತ್ರೆಗಳನ್ನು ಹತ್ತು ದಿನಕ್ಕೆಂದು ಬರೆದುಕೊಟ್ಟಿದ್ದರು. ಆ ಹತ್ತು ದಿನ ಇಂದಿಗೂ ಮುಗಿದಿಲ್ಲ. ಹಳೆಯ ಸ್ಟ್ರಿಪ್ ತೋರಿಸಿದರೆ ಮೆಡಿಕಲ್‌ನಲ್ಲಿ ಕೊಡುತ್ತಾರೆ. ನೋವಿನ ಮಾತ್ರೆಯನ್ನು ವಾರಕ್ಕೆ ಮೂರು ನಾಲ್ಕು ದಿನ, ಗ್ಯಾಸ್ಟ್ರಿಕ್ ಮಾತ್ರೆಯನ್ನು ಪ್ರತಿದಿನ ಮಧ್ಯಾಹ್ನ ಊಟವಾದ ಮೇಲೆ ಅಮ್ಮ ಸೇವಿಸುತ್ತಾರೆ.

ಇದನ್ನು ಬಹುಕಾಲ ತೆಗೆದುಕೊಂಡರೆ ಮೂಳೆಯೂ ಕಿಡ್ನಿಯೂ ಹಾಳಾಗುತ್ತದೆ ಎಂದು ಬಂಧುಗಳೊಬ್ಬರು ಹೇಳಿದ್ದರಿಂದ ಕಳೆದ ತಿಂಗಳು ಗ್ಯಾಸ್ಟ್ರಿಕ್ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿದೆವು. ಐದೇ ದಿನಗಳಲ್ಲಿ ಎದೆಯುರಿ, ಹುಳಿತೇಗು ಹೆಚ್ಚಾಗಿ ರಾತ್ರಿ ಮಲಗಲಾಗದೆ ಪುನಃ ಪ್ರಾರಂಭಿಸಬೇಕಾಯಿತು. ಈಚೆಗೆ ತೋಟಕ್ಕೆ ಇಳಿದು ಮರಳಿ ಮನೆಗೆ ಹತ್ತುವಾಗ ಅಮ್ಮನಿಗೆ ಏದುಸಿರು ಬರುತ್ತದೆ. ಅದನ್ನು ವಯಸ್ಸಿನ ಆಯಾಸವೆಂದೇ ಭಾವಿಸಿದ್ದೇವೆ. ಈ ಮಾತ್ರೆಯನ್ನು ಬಿಡಿಸುವ ಸರಿಯಾದ ಕ್ರಮ ಯಾವುದು? ಇದರ ಬದಲಿಗೆ ಹಿಂದೆ ಗ್ಯಾಸ್ಟ್ರಿಕ್‌ಗೆ ಕೊಡುತ್ತಿದ್ದ ರಾನಿಟಿಡಿನ್ ಕೊಡಬಹುದೇ?

ಉತ್ತರ 1 (ಕುಂಬಳೆ, ನಿವೃತ್ತ ಫಾರ್ಮಸಿಸ್ಟ್)

ತಮ್ಮ ಪ್ರಶ್ನೆ ಗ್ಯಾಸ್ಟ್ರಿಕ್ ಮಾತ್ರೆಯ ಕುರಿತಾಗಿದ್ದರೂ, ನನಗೆ ಹೆಚ್ಚು ಆತಂಕ ಹುಟ್ಟಿಸಿದ್ದು ಅದರ ಜೊತೆಗಿರುವ ನೋವಿನ ಮಾತ್ರೆ. ಜಠರದ ಒಳಗೋಡೆಯನ್ನು ಆಮ್ಲದಿಂದ ಕಾಯುವ ಲೋಳೆಯ ಪದರವು ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕಗಳ ನೆರವಿನಿಂದ ಉಳಿದುಕೊಂಡಿರುತ್ತದೆ. ಡೈಕ್ಲೋಫಿನಾಕ್, ಐಬುಪ್ರೊಫೆನ್, ಆಸ್ಪಿರಿನ್ ಮುಂತಾದವು ನೋವನ್ನು ತಗ್ಗಿಸುವುದು ಆ ರಾಸಾಯನಿಕಗಳ ಉತ್ಪತ್ತಿಯನ್ನೇ ತಡೆಯುವುದರ ಮೂಲಕವಾದ್ದರಿಂದ, ನೋವು ಶಮನವಾಗುವ ಹೊತ್ತಿಗೇ ಜಠರದ ಕಾವಲೂ ಸಡಿಲವಾಗಿ ಹುಣ್ಣಾಗಬಹುದು. ಅರುವತ್ತು ದಾಟಿದವರಿಗೆ ವೈದ್ಯರು ಇವೆರಡನ್ನೂ ಜೊತೆಯಾಗಿ ಬರೆಯುವುದು ಇದೇ ಕಾರಣಕ್ಕೆ. ಆದ್ದರಿಂದ ನೋವಿನ ಮಾತ್ರೆಯನ್ನು ಮುಂದುವರಿಸುತ್ತಾ ಪ್ಯಾಂಟೊಪ್ರಜೋಲ್ ಒಂದನ್ನೇ ನಿಲ್ಲಿಸಿದ್ದು, ಬೇಲಿ ಕಿತ್ತು ದನವನ್ನು ತೋಟದಲ್ಲೇ ಬಿಟ್ಟಂತೆ. ಮೊದಲು ಬಿಡಬೇಕಾದದ್ದು ಡೈಕ್ಲೋಫಿನಾಕ್. ಪ್ಯಾರಾಸಿಟಮಾಲ್ ಅಥವಾ ಮೊಣಕಾಲಿಗೆ ಹಚ್ಚುವ ಜೆಲ್ ಸಾಕಾಗುವುದೇ ಎಂದು ವೈದ್ಯರಲ್ಲಿ ಕೇಳಿ. ಕಿಡ್ನಿಯ ಬಗ್ಗೆ ಬಂಧುಗಳು ಹೇಳಿದ ಭಯವೂ ಹೆಚ್ಚಾಗಿ ಸಲ್ಲುವುದು ಈ ನೋವಿನ ಮಾತ್ರೆಗೇ.

ಸೇವಿಸುವ ಹೊತ್ತೂ ಸರಿಯಿಲ್ಲ. ಜಠರದ ಆಮ್ಲವನ್ನು ಹೊರಸೂಸುವ ಸೂಕ್ಷ್ಮ ಪಂಪುಗಳು ಆಹಾರ ಬಿದ್ದಾಗ ಎಚ್ಚರಗೊಳ್ಳುತ್ತವೆ. ಪ್ಯಾಂಟೊಪ್ರಜೋಲ್ ಆ ವೇಳೆಗೆ ರಕ್ತದಲ್ಲಿದ್ದರೆ ಮಾತ್ರ ಅವುಗಳನ್ನು ಚೆನ್ನಾಗಿ ಮುಚ್ಚಬಲ್ಲದು. ಬೆಳಗಿನ ಉಪಾಹಾರಕ್ಕಿಂತ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು, ಜಗಿಯದೆ, ಪುಡಿ ಮಾಡದೆ ನುಂಗಬೇಕು. ನಾನು ಕೌಂಟರಿನಲ್ಲಿದ್ದ ಕಾಲದಲ್ಲಿ ಇದನ್ನು ಪ್ರತಿಯೊಬ್ಬರಿಗೂ ಹೇಳುತ್ತಿದ್ದೆ, ಆದರೂ ‘ಊಟದ ನಂತರ’ ಎಂಬ ರೂಢಿ ಬಹಳ ಗಟ್ಟಿಯಾದದ್ದು.

ಮಾತ್ರೆ ನಿಲ್ಲಿಸಿದಾಗ ಉರಿ ಮರುಕಳಿಸಿತೆಂದರೆ ಕಾಯಿಲೆ ಉಲ್ಬಣಿಸಿತೆಂದೇ ಅರ್ಥವಲ್ಲ. ಆಮ್ಲ ಬಹುಕಾಲ ತಗ್ಗಿದ್ದಾಗ ದೇಹವು ಆಮ್ಲದ ಉತ್ಪತ್ತಿಯನ್ನು ಪ್ರಚೋದಿಸುವ ಗ್ಯಾಸ್ಟ್ರಿನ್ ಎಂಬ ಹಾರ್ಮೋನನ್ನು ಹೆಚ್ಚಿಸಿಕೊಂಡಿರುತ್ತದೆ. ಔಷಧ ಒಮ್ಮೆಲೇ ನಿಂತಾಗ ಕೆಲವು ವಾರಗಳವರೆಗೆ ಆಮ್ಲ ಉಕ್ಕುತ್ತದೆ. ಆದ್ದರಿಂದ ವೈದ್ಯರು 40ರಿಂದ 20 ಮಿಲಿಗ್ರಾಂಗೆ ಇಳಿಸಿ, ಬಳಿಕ ದಿನ ಬಿಟ್ಟು ದಿನ ಕೊಟ್ಟು, ನಡುವೆ ಉರಿಯಾದರೆ ಆಂಟಾಸಿಡ್ ದ್ರವವನ್ನು ಸೂಚಿಸುವುದುಂಟು. ಬಹುಕಾಲ ಸೇವಿಸಿದವರಲ್ಲಿ ಬಿ12 ಮತ್ತು ಮೆಗ್ನೀಸಿಯಂ ಕಡಿಮೆಯಾಗುವುದು, ಮೂಳೆ ಮುರಿಯುವ ಸಂಭವ ತುಸು ಹೆಚ್ಚುವುದು ಕಂಡುಬಂದಿದೆ. ಹಾಗೆಂದು ಅಗತ್ಯವಿರುವವರು ಹೆದರಿ ಬಿಡಬಾರದು.

ಸ್ಟ್ರಿಪ್‌ನಲ್ಲಿ ಹೆಸರಿನ ಕೊನೆಗೆ ‘ಡಿ’ ಅಥವಾ ‘ಡಿಎಸ್‌ಆರ್’ ಎಂದಿದೆಯೇ ನೋಡಿ. ಹಾಗಿದ್ದರೆ ಅದರಲ್ಲಿ ಡೊಂಪೆರಿಡೋನ್ ಕೂಡ ಸೇರಿದೆ. ಅದು ವಾಕರಿಕೆ ಮತ್ತು ವಾಂತಿಗೆ ಅಲ್ಪಕಾಲ ಕೊಡುವ ಔಷಧ. ಹೃದಯದ ಬಡಿತ ತಪ್ಪುವ ಅಪಾಯವನ್ನು ಗಮನಿಸಿ, ಸಾಮಾನ್ಯವಾಗಿ ಒಂದು ವಾರವನ್ನು ಮೀರಬಾರದೆಂದು 2014ರಲ್ಲಿ ಯುರೋಪಿನ ಔಷಧ ನಿಯಂತ್ರಕರು ಸೂಚಿಸಿದರು. ವರ್ಷಗಟ್ಟಲೆ ನುಂಗುವಂಥದ್ದು ಅದಲ್ಲ.

ರಾನಿಟಿಡಿನ್ ಬೇಡ. ಕ್ಯಾನ್ಸರ್ ತರಬಹುದಾದ ಎನ್‌ಡಿಎಂಎ ಎಂಬ ಕಲ್ಮಶದ ಕಾರಣ ಅಮೆರಿಕದಲ್ಲಿ 2020ರಲ್ಲಿ ಅದನ್ನು ಮಾರುಕಟ್ಟೆಯಿಂದ ಹಿಂತೆಗೆಯಲು ಸೂಚಿಸಲಾಯಿತು. ನಮ್ಮ ದೇಶದ ಅಗತ್ಯ ಔಷಧಗಳ ಪಟ್ಟಿಯಿಂದಲೂ 2022ರಲ್ಲಿ ಕೈಬಿಡಲಾಯಿತು. ಅದೇ ವರ್ಗದ ಫ್ಯಾಮೊಟಿಡಿನ್ ಇದೆ.

ಉತ್ತರ 2 (ಪೆರ್ಲ)

ಜಠರದ ಹುಣ್ಣಿಗೆ ಕಾರಣವಾಗುವ ಹೆಲಿಕೊಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾದ ಪರೀಕ್ಷೆ ಆಗಿದೆಯೇ ಎಂದು ಕೇಳಿಕೊಳ್ಳಿ. ಖಾರ, ಮಿಡಿ ಉಪ್ಪಿನಕಾಯಿ, ಚಿಂತೆ ಇವೇ ಹುಣ್ಣಿಗೆ ಕಾರಣವೆಂದು ನಾನು ಆರು ವರ್ಷ ಬರೀ ಗಂಜಿ ಮತ್ತು ಮಜ್ಜಿಗೆಯಲ್ಲಿ ಕಾಲ ಕಳೆದೆ. ಆಸ್ಟ್ರೇಲಿಯದ ಬ್ಯಾರಿ ಮಾರ್ಷಲ್ 1984ರಲ್ಲಿ ಈ ಬ್ಯಾಕ್ಟೀರಿಯಾವನ್ನು ತಾವೇ ಕುಡಿದು, ಅದರಿಂದ ಜಠರದ ಉರಿಯೂತವಾಗುವುದನ್ನು ತೋರಿಸಿದ್ದರು. ರಾಬಿನ್ ವಾರೆನ್ ಅವರೊಂದಿಗೆ 2005ರಲ್ಲಿ ನೊಬೆಲ್ ಕೂಡ ಪಡೆದರು. ಅಷ್ಟು ಹಳೆಯ ತಿಳಿವಳಿಕೆ ನನ್ನವರೆಗೆ ತಲುಪಲು ಇಷ್ಟು ಕಾಲ ಹಿಡಿಯಿತಲ್ಲ ಎಂಬ ದುಃಖ ನನಗಿದೆ.

ಪ್ಯಾಂಟೊಪ್ರಜೋಲ್ ಸೇವಿಸುತ್ತಲೇ ಇದ್ದುದರಿಂದ ನನ್ನ ಮೊದಲ ಪರೀಕ್ಷೆಯಲ್ಲಿ ಏನೂ ಕಾಣಿಸಲಿಲ್ಲ. ಉಸಿರಿನ ಪರೀಕ್ಷೆಗೆ ಮೊದಲು ಎರಡು ವಾರ ಈ ಮಾತ್ರೆಯನ್ನೂ ನಾಲ್ಕು ವಾರ ಆ್ಯಂಟಿಬಯಾಟಿಕ್‌ಗಳನ್ನೂ ಬಿಟ್ಟಿರಬೇಕೆಂದು ಆಗ ನನಗೆ ಯಾರೂ ಹೇಳಿರಲಿಲ್ಲ. ಎರಡನೆಯ ಸಲ ಪತ್ತೆಯಾದ ಮೇಲೆ ಅಮಾಕ್ಸಿಸಿಲಿನ್, ಕ್ಲಾರಿಥ್ರೊಮೈಸಿನ್ ಮತ್ತು ಪ್ಯಾಂಟೊಪ್ರಜೋಲ್‌ಗಳನ್ನು ದಿನಕ್ಕೆರಡು ಬಾರಿಯಂತೆ 14 ದಿನ ಕೊಟ್ಟರು. ಬಾಯೆಲ್ಲ ಕಹಿಯಾಗಿ ನಡುವೆ ಬಿಟ್ಟುಬಿಡುವ ಮನಸ್ಸಾಗಿತ್ತು. ಅರ್ಧಕ್ಕೆ ನಿಲ್ಲಿಸಿದರೆ ಬ್ಯಾಕ್ಟೀರಿಯಾ ಔಷಧಕ್ಕೆ ಬಗ್ಗದಂತಾಗುತ್ತದೆಂದು ತಿಳಿದು ಪೂರ್ತಿಗೊಳಿಸಿದೆ.

ಉತ್ತರ 3 (ಮಂಜೇಶ್ವರ, ಶುಶ್ರೂಷಕಿ)

ಅಣ್ಣಾ, ಎಲ್ಲಕ್ಕಿಂತ ಮೊದಲು ಆ ಏದುಸಿರನ್ನು ಗಮನಿಸಿ. ಹುಣ್ಣಿನಿಂದ ದಿನವೂ ಸ್ವಲ್ಪಸ್ವಲ್ಪವೇ ರಕ್ತ ಜಿನುಗುತ್ತಿದ್ದರೆ ಹೊಟ್ಟೆನೋವೇ ಇಲ್ಲದೆಯೂ ರಕ್ತಹೀನತೆ ಬರುತ್ತದೆ. ಹಿಮೊಗ್ಲೋಬಿನ್ ಪರೀಕ್ಷೆಯನ್ನು ನಾಳೆಯೇ ಮಾಡಿಸಿ. ಮಲವು ಡಾಮರಿನಂತೆ ಕಪ್ಪಾಗಿ ಅಂಟಂಟಾಗಿ ಹೋಗುತ್ತಿದೆಯೇ ಎಂದು ಅಮ್ಮನನ್ನು ನೇರವಾಗಿ ಕೇಳಿ. ನಮ್ಮ ತಾಯಂದಿರು ಸಂಕೋಚದಿಂದ ತಾವಾಗಿ ಹೇಳುವುದಿಲ್ಲ. ಕಬ್ಬಿಣಾಂಶದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ, ಅದನ್ನೂ ವಿಚಾರಿಸಿಕೊಳ್ಳಿ. ರಕ್ತವಾಂತಿ, ನುಂಗಲು ತೊಂದರೆ, ಕಾರಣವಿಲ್ಲದೆ ತೂಕ ಇಳಿಯುವುದು ಇದ್ದರೆ ತಡಮಾಡಬಾರದು. ಇನ್ನೊಂದು ಮಾತು: ನಡೆದಾಗ ಎದೆ ಹಿಡಿದಂತಾಗಿ ಬೆವರು ಬಂದರೆ ಅದನ್ನು ಗ್ಯಾಸ್ ಎಂದು ಓಮದ ಕಷಾಯ ಕೊಟ್ಟು ಮಲಗಿಸಬೇಡಿ, ಮೊದಲು ಇಸಿಜಿ ಆಗಲಿ.

ಪ್ರಶ್ನೆ ಕೇಳಿದವರು

ತಮಗೆಲ್ಲ ಕೃತಜ್ಞತೆಗಳು. ಹಿಮೊಗ್ಲೋಬಿನ್ ಕಡಿಮೆಯಾಗಿ 8.6 ಬಂದಿದೆ. ಎರಡು ತಿಂಗಳಿಂದ ಆಗಾಗ ಮಲ ಕಪ್ಪಾಗಿ ಹೋಗುತ್ತಿತ್ತೆಂದು ಅಮ್ಮ ಈಗ ಹೇಳಿದರು. ಕಬ್ಬಿಣಾಂಶದ ಮಾತ್ರೆಯನ್ನು ಅವರು ಸೇವಿಸಿಲ್ಲ. ಡೈಕ್ಲೋಫಿನಾಕ್ ನಿಲ್ಲಿಸಿದ್ದೇವೆ. ಇಸಿಜಿಯಲ್ಲಿ ತೊಂದರೆ ಕಂಡಿಲ್ಲ. ನಾಳೆ ಬೆಳಿಗ್ಗೆ ಮಂಗಳೂರಿನಲ್ಲಿ ಎಂಡೋಸ್ಕೋಪಿ (ಕೊಳವೆ ಇಳಿಸಿ ಜಠರದ ಒಳಗನ್ನು ನೋಡುವ ಪರೀಕ್ಷೆ).

ಉತ್ತರ 1 (ಕುಂಬಳೆ)

ಪ್ಯಾಂಟೊಪ್ರಜೋಲ್ ಅನ್ನು ಈಗ ತಾವಾಗಿ ನಿಲ್ಲಿಸಬೇಡಿ. ಬ್ಯಾಕ್ಟೀರಿಯಾ ಪರೀಕ್ಷೆಗಾಗಿ ಬಿಡಬೇಕೇ ಎಂಬುದನ್ನು ವೈದ್ಯರೇ ತೀರ್ಮಾನಿಸಲಿ. ಮನೆಯಲ್ಲಿರುವ ಎಲ್ಲ ಸ್ಟ್ರಿಪ್‌ಗಳನ್ನೂ, ಖಾಲಿಯಾದವುಗಳನ್ನೂ, ಚೀಲದಲ್ಲಿ ಹಾಕಿ ಒಯ್ಯಿರಿ. ಹೊಟ್ಟೆ ಖಾಲಿ ಇರಬೇಕಾದ್ದರಿಂದ ಇಂದು ರಾತ್ರಿಯ ಗಂಜಿಯನ್ನು ಬೇಗನೆ ಕೊಟ್ಟುಬಿಡಿ. ದಾರಿಯಲ್ಲಿ ಅಮ್ಮನಿಗೆ ತಲೆಸುತ್ತು ಬಂದರೆ ಅಥವಾ ಮಲ ಪುನಃ ಕಪ್ಪಾದರೆ ಸರದಿಗಾಗಿ ಕಾಯದೆ ನೇರವಾಗಿ ತುರ್ತು ವಿಭಾಗಕ್ಕೆ ಹೋಗಿ.