ಪ್ರೊಬೇಷನ್‌ನಲ್ಲಿರುವವರ ಚಿಕಿತ್ಸೆ: ಮೊದಲು ಯಾವುದಕ್ಕೆ ಕೈಹಾಕಬೇಕು?

ಹೊಸ_ಸೈಕಾಲಜಿಸ್ಟ್
ಓದಿದ್ದು ಕ್ಲಿನಿಕಲ್ ಸೈಕಾಲಜಿ. ಈಗ ಪ್ರೊಬೇಷನ್ (ಜೈಲಿನ ಬದಲು ಕೋರ್ಟಿನ ಷರತ್ತು, ನಿಗಾದಲ್ಲಿ ಹೊರಗಿರುವುದು), ಪೆರೋಲ್ ಮೇಲೆ ಹೊರಗಿರುವ ಅಪರಾಧಿಗಳ ಜೊತೆ ಕೆಲಸ. ಖಿನ್ನತೆ, ಆತಂಕಕ್ಕೆ ಚಿಕಿತ್ಸೆ ಕೊಡುವುದು ಗೊತ್ತು. ಆದರೆ ಇಲ್ಲಿ ಎದುರು ಕೂರುವವರು ಕೋರ್ಟು ಹೇಳಿತೆಂದು ಬಂದವರು. ಮೊದಲ ಮೌಲ್ಯಮಾಪನ ಹೇಗೆ ಮಾಡುತ್ತೀರಿ? "ನಾನು ಮಾಡೇ ಇಲ್ಲ" ಅನ್ನುವವರ ಜೊತೆ ಏನು ಮಾಡುವುದು?

ಕಡತ_ಮೊದಲು
ಸಂದರ್ಶನಕ್ಕೆ ಮುಂಚೆ ಕಡತ ಓದಿ ಮುಗಿಸಿ: ಪೊಲೀಸ್ ದಾಖಲೆ, ತೀರ್ಪು, ಹಿಂದಿನ ಶಿಕ್ಷೆಗಳು, ಷರತ್ತು ಮುರಿದ ವಿವರ. ಬಾಯಿಮಾತನ್ನಷ್ಟೇ ನಂಬಿ ಅಂಕ ಹಾಕಿದರೆ ಅಪಾಯದ ಮಟ್ಟ, ಅಂದರೆ ಮತ್ತೆ ಅಪರಾಧ ಮಾಡುವ ಸಂಭವ, ಇದ್ದದ್ದಕ್ಕಿಂತ ಕಡಿಮೆ ಬರುತ್ತದೆ.

ಈ ಕೆಲಸಕ್ಕೆ ಆಧಾರ 1990ರಲ್ಲಿ ಮನಶ್ಶಾಸ್ತ್ರಜ್ಞರಾದ ಆಂಡ್ರ್ಯೂಸ್, ಬಾಂಟಾ, ಹೋಜ್ ಮಂಡಿಸಿದ ಮೂರು ತತ್ವಗಳು: ಅಪಾಯ ಹೆಚ್ಚಿದ್ದವರಿಗೆ ಹೆಚ್ಚು ಚಿಕಿತ್ಸೆ, ಮರಳಿ ಅಪರಾಧಕ್ಕೆ ದೂಡುವ ಅಂಶಗಳ ಮೇಲೇ ಗುರಿ, ವಿಧಾನ ಆ ವ್ಯಕ್ತಿಯ ಓದು, ಗ್ರಹಿಕೆ, ಮನಃಸ್ಥಿತಿಗೆ ಹೊಂದಬೇಕು. ದೂಡುವ ಅಂಶಗಳು ಮುಖ್ಯವಾಗಿ ಎಂಟು: ಹಿಂದಿನ ಅಪರಾಧಗಳು, ದುಡುಕಿನ ಸಮಾಜವಿರೋಧಿ ಸ್ವಭಾವ, ಅಪರಾಧವನ್ನು ಸರಿ ಅನ್ನುವ ಯೋಚನೆ, ಅಂಥದೇ ಸಹವಾಸ, ಕುಟುಂಬ, ಓದು ಅಥವಾ ಕೆಲಸ, ಬಿಡುವಿನ ವೇಳೆ, ಕುಡಿತ ಮತ್ತು ಮಾದಕ ವಸ್ತು. ಆತಂಕ, ಆತ್ಮವಿಶ್ವಾಸದ ಕೊರತೆ ಈ ಪಟ್ಟಿಯಲ್ಲಿಲ್ಲ. ಕ್ಲಿನಿಕ್‌ನಿಂದ ಬಂದವರು ಎಡವುವುದು ಇಲ್ಲೇ. ಖಿನ್ನತೆ ತೀವ್ರವಾಗಿದ್ದರೆ ಅದಕ್ಕೂ ಚಿಕಿತ್ಸೆ ಬೇಕು, ಆದರೆ ಅದೊಂದರಿಂದಲೇ ಅಪರಾಧ ನಿಲ್ಲುವುದಿಲ್ಲ.

ಅಪಾಯ ಅಳೆಯಲು ಅಂಕ ಹಾಕುವ ಸಿದ್ಧ ಪಟ್ಟಿಗಳಿವೆ: ಸಾಮಾನ್ಯ ಅಪರಾಧಕ್ಕೆ 54 ಅಂಶಗಳ ಎಲ್‌ಎಸ್‌ಐ-ಆರ್, ಹಿಂಸೆಗೆ ಎಚ್‌ಸಿಆರ್-20, ಲೈಂಗಿಕ ಅಪರಾಧದ ವಯಸ್ಕ ಗಂಡಸರಿಗೆ ಹತ್ತು ಅಂಶಗಳ ಸ್ಟ್ಯಾಟಿಕ್-99ಆರ್. ಈ ಕೊನೆಯದನ್ನು ಚಿಕಿತ್ಸೆಯ ನಂತರ ಮತ್ತೆ ಹಾಕಿ ಸುಧಾರಣೆ ತೋರಿಸಲು ಹೋಗಬೇಡಿ. ಅದು ಅಳೆಯುವುದು ಆಗಿಹೋದದ್ದನ್ನು. ಬದಲಾವಣೆ ಅಳೆಯಲು ಸ್ಟೇಬಲ್-2007 ಅನ್ನುವ ಬೇರೆ ಪಟ್ಟಿ ಇದೆ.

ಅಪಾಯ ಕಡಿಮೆ ಇರುವವರನ್ನು ದಯವಿಟ್ಟು ಚಿಕಿತ್ಸೆಯ ಗುಂಪಿಗೆ ಸೇರಿಸಬೇಡಿ. ಅಪರಾಧದಲ್ಲಿ ಪಳಗಿದವರ ಪರಿಚಯವಾಗುತ್ತದೆ, ಕೆಲಸಕ್ಕೆ ರಜೆ ಬೀಳುತ್ತದೆ; ಇದ್ದ ಆಸರೆಯೂ ಸಡಿಲವಾಗಿ ಅಪಾಯ ಏರುತ್ತದೆ. ಮಧ್ಯಮ ಅಪಾಯಕ್ಕೆ ಸುಮಾರು 100 ಗಂಟೆ ಚಿಕಿತ್ಸೆ, ಹೆಚ್ಚಿನದಕ್ಕೆ 200 ಅಥವಾ ಮೇಲೆ, ಇದು ರೂಢಿಯ ಲೆಕ್ಕ.

ಸರಪಳಿ
ನಿರಾಕರಣೆ ಬಗ್ಗೆ: ತಪ್ಪೊಪ್ಪಿಸುವುದಕ್ಕೇ ತಿಂಗಳುಗಟ್ಟಲೆ ಕಳೆಯುವುದು ವ್ಯರ್ಥ. ಲೈಂಗಿಕ ಅಪರಾಧಿಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ಸಂಶೋಧಕರಾದ ಹ್ಯಾನ್ಸನ್ ಮತ್ತು ಮಾರ್ಟನ್-ಬೂರ್ಗಾನ್ 2005ರಲ್ಲಿ ನೋಡಿದಾಗ, ನಿರಾಕರಣೆಗೂ ಮರು ಅಪರಾಧಕ್ಕೂ ಹೇಳಿಕೊಳ್ಳುವಂಥ ನಂಟು ಸಿಗಲಿಲ್ಲ. ಮೇಲ್ಮನವಿ ಬಾಕಿ ಇದ್ದರಂತೂ ಒತ್ತಾಯಿಸುವುದು ಅನ್ಯಾಯ.

"ಯಾಕೆ ಮಾಡಿದಿರಿ?" ಬಿಟ್ಟು "ಆ ದಿನ ಬೆಳಗ್ಗೆಯಿಂದ ಏನೇನಾಯ್ತು?" ಅಂತ ಕೇಳಿ. "ಅವನು ಕೆಣಕಿದ, ಹೊಡೆದೆ" ಅನ್ನುತ್ತಾರೆ. ನಡುವೆ ಬಹಳ ಇರುತ್ತದೆ: ಸಂಬಳ ಬರಲಿಲ್ಲ, ಮಧ್ಯಾಹ್ನವೇ ಕುಡಿದದ್ದು, ಗೆಳೆಯನ ಫೋನು, ಅಲ್ಲಿಂದ ಒಮ್ಮೆ ಹೊರಟು "ಸುಮ್ಮನೆ ಹೋದರೆ ನನ್ನ ಮರ್ಯಾದೆ ಏನಾಗತ್ತೆ" ಅಂದುಕೊಂಡು ವಾಪಸ್ ತಿರುಗಿದ್ದು. ಎಲ್ಲವನ್ನೂ ಹಾಳೆಯ ಮೇಲೆ ಸರಪಳಿಯ ಹಾಗೆ ಸಾಲಾಗಿ ಬರೆಸಿ, ಮುರಿಯಬಹುದಾದ ಎರಡು ಕೊಂಡಿ ಆರಿಸಿ. ವಾಪಸ್ ತಿರುಗುವ ಆ ಗಳಿಗೆಯನ್ನು ಅಭಿನಯಿಸಿ, ತಿರುಗದೆ ಹೊರಟುಹೋಗುವುದನ್ನು ಅಭ್ಯಾಸ ಮಾಡಿಸಿ. ಬರೀ ಮಾತಾಡಿ ಕಳಿಸಿದರೆ ಮುಂದಿನ ಜಗಳದಲ್ಲಿ ಏನೂ ನೆನಪಿಗೆ ಬರುವುದಿಲ್ಲ.

ಕಡತ_ಮೊದಲು
ಒಪ್ಪಿದೆ, ಒಂದು ತಿದ್ದುಪಡಿಯೊಂದಿಗೆ. ಕೌಟುಂಬಿಕ ಹಿಂಸೆಯಲ್ಲಿ ಹೆಂಡತಿ ಅದೇ ಮನೆಯಲ್ಲಿದ್ದರೆ, "ನಾನು ಮುಟ್ಟೇ ಇಲ್ಲ" ಅನ್ನುವವನ ಜೊತೆ ಸುರಕ್ಷತಾ ಯೋಜನೆ ಮಾಡಲಾಗದು. ಆಗ ಆಕೆಯ ಸುರಕ್ಷತೆಯ ಏರ್ಪಾಡು ಬೇರೆಯಾಗಿಯೇ ಆಗಬೇಕು.

ಹೊಸ_ಸೈಕಾಲಜಿಸ್ಟ್
ಉಪಯುಕ್ತ. ಗೋಪ್ಯತೆ ಮತ್ತು ವರದಿ?

ವರದಿ_ಬರೆಯುವವ
ಮೊದಲ ಪ್ರಶ್ನೆ ಕೇಳುವ ಮುಂಚೆಯೇ ಹೇಳಿಬಿಡಿ: ವರದಿ ಯಾರ ಕೈಗೆ ಹೋಗುತ್ತದೆ, ಹಾಜರಿ ಮತ್ತು ಪ್ರಗತಿ ಯಾರಿಗೆ ತಿಳಿಸುತ್ತೀರಿ, ಇಂಥವರಿಗೆ ಹಾನಿ ಮಾಡುತ್ತೇನೆಂದರೆ ಅಥವಾ ಮಗುವಿಗೆ ಅಪಾಯವಿದ್ದರೆ ಏನಾಗುತ್ತದೆ. ಬರವಣಿಗೆಯಲ್ಲಿ ಸಹಿ ಇರಲಿ. ಅಪಾಯದಲ್ಲಿರುವವರಿಗೆ ಎಚ್ಚರಿಕೆ ಕೊಡುವ ಹೊಣೆ ಆಯಾ ಕಡೆಯ ಕಾನೂನಿನಂತೆ ಬದಲಾಗುತ್ತದೆ; ನಿಮ್ಮಲ್ಲಿ ಏನಿದೆಯೆಂದು ಸೇರುವ ಮೊದಲೇ ತಿಳಿಯಿರಿ. ಸಾಧ್ಯವಾದರೆ ಕೋರ್ಟಿಗೆ ಮೌಲ್ಯಮಾಪನ ಬರೆಯುವವರೇ ಚಿಕಿತ್ಸೆ ಕೊಡಬಾರದು.

"ಅಪಾಯಕಾರಿ ವ್ಯಕ್ತಿ" ಅಂತ ಬರೆದರೆ ಓದಿದವರಿಗೆ ಮಾಡಲು ಏನೂ ಇರುವುದಿಲ್ಲ. ಹೀಗೆ ಬರೆಯಿರಿ: "ಕುಡಿದಿರುವಾಗ, ಹಳೆಯ ಗೆಳೆಯರ ಜೊತೆ ಇರುವಾಗ, ಪರಿಚಿತ ಗಂಡಸರ ಮೇಲೆ ಕೈಮಾಡುವ ಸಂಭವ ಹೆಚ್ಚು. ಕೆಲಸ ತಪ್ಪುವುದು ಮೊದಲ ಸೂಚನೆ." ಅಪಾಯ ಅಳೆಯುವ ಪಟ್ಟಿಯ ಶೇಕಡಾವಾರು ಅದೇ ಅಂಕ ಬಂದ ಗುಂಪಿನದು; ಈ ವ್ಯಕ್ತಿ ಇಷ್ಟು ಶೇಕಡಾ ಅಪರಾಧಿ ಅಂತ ಅರ್ಥವಲ್ಲ. ಇದನ್ನೂ ಒಂದು ಸಾಲಿನಲ್ಲಿ ಸ್ಪಷ್ಟಪಡಿಸಿ, ವಕೀಲರು ಕೇಳಿಯೇ ಕೇಳುತ್ತಾರೆ.

ಸರಪಳಿ
ಇನ್ನೊಂದು. ಚಿಕಿತ್ಸೆ ಅರ್ಧಕ್ಕೆ ಬಿಟ್ಟವರು ಮುಗಿಸಿದವರಿಗಿಂತ ಹೆಚ್ಚು ಮರು ಅಪರಾಧ ಮಾಡುತ್ತಾರೆ, ಹೆಚ್ಚಿನ ಅಪಾಯದವರೇ ಹೆಚ್ಚಾಗಿ ಬಿಡುತ್ತಾರೆ ಕೂಡ. ಮೊದಲ ವಾರಗಳಲ್ಲೇ ಪಾಳಿ, ಬಸ್ಸು, ಓದಲು ಬರುತ್ತದೋ ಇಲ್ಲವೋ ವಿಚಾರಿಸಿ. ಒಂದು ವಾರ ತಪ್ಪಿಸಿದರೆ ಅಂದೇ ಫೋನ್ ಮಾಡಿ. ಜೊತೆಗೆ ಮತ್ತೆ ಕುಡಿತ ಶುರುವಾಗಿದ್ದರೆ ಪ್ರೊಬೇಷನ್ ಅಧಿಕಾರಿಗೂ ಅವತ್ತೇ ತಿಳಿಸಿ. ತಿಂಗಳ ಸಭೆಯವರೆಗೆ ಕಾಯಬೇಡಿ.