ಕ್ಯಾಲೇಡಿಯಂ ಗೆಡ್ಡೆ ‘ಮಲಗಿದೆ’ಯೋ, ‘ಹುದುಗಿದೆ’ಯೋ?

ಗೆಡ್ಡೆಯಿಂದ ಬೆಳೆಯುವ, ಬಣ್ಣದ ಎಲೆಗಳ ಅಲಂಕಾರಿಕ ಗಿಡ ಕ್ಯಾಲೇಡಿಯಂ. ಅದನ್ನು ಬೆಳೆಸುವ ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಒಂದು ಪದಕ್ಕೆ ಬಂದು ನಿಂತಿದ್ದೇನೆ.

ಚಳಿ ಬಿದ್ದಾಗ, ಇಲ್ಲವೇ ಮಣ್ಣು ತುಂಬಾ ಒಣಗಿದಾಗ, ಈ ಗಿಡದ ಎಲೆಗಳು ಹಳದಿಯಾಗಿ ಜೋತುಬೀಳುತ್ತವೆ. ಕೊನೆಗೆ ಕುಂಡದಲ್ಲಿ ಬರೀ ಮಣ್ಣು. ನೋಡಿದವರು ‘ಗಿಡ ಸತ್ತಿತು’ ಅನ್ನುತ್ತಾರೆ. ನಾನೂ ಮೊದಲ ಸಲ ಹಾಗೇ ಅಂದುಕೊಂಡು ಮಣ್ಣನ್ನೆಲ್ಲ ಚೆಲ್ಲಿಬಿಟ್ಟೆ. ಗಟ್ಟಿಯಾಗಿದ್ದ ಗೆಡ್ಡೆಯೂ ಜೊತೆಗೇ ಹೋಯಿತು. ನೆನೆದರೆ ಈಗಲೂ ಹೊಟ್ಟೆ ಚುರ್ ಅನ್ನುತ್ತದೆ. ಎಲೆಯೆಲ್ಲ ಹೋದರೂ ಮಣ್ಣೊಳಗೆ ಗೆಡ್ಡೆ ಜೀವಂತವಾಗಿರುವ ಆ ಸ್ಥಿತಿಗೆ ಬಾಯಿಗೆ ಬರುವ ಒಂದು ಮಾತಿದ್ದಿದ್ದರೆ ಗೆಡ್ಡೆ ಉಳಿಯುತ್ತಿತ್ತು, ಅಲ್ವಾ?

‘ಸುಪ್ತಾವಸ್ಥೆ’ ಪುಸ್ತಕದಲ್ಲಿ ಸರಿ. ಕುಂಡದ ಮುಂದೆ ನಿಂತು ಯಾರೂ ಅದನ್ನು ಆಡುವುದಿಲ್ಲ. ‘ಗಿಡ ಮಲಗಿದೆ’ ಅಂದರೆ ಗಾಳಿಗೋ ಮಳೆಗೋ ಬಾಗಿ ನೆಲಕ್ಕೆ ಒರಗಿದೆ ಎಂದೇ ಅರ್ಥ. ಪೈರು ಮಲಗಿತು ಅನ್ನುವುದಿಲ್ಲವೇ? ‘ಗೆಡ್ಡೆ ಮಲಗಿದೆ’ ಅಂದರೆ ಈ ಗೊಂದಲ ಸ್ವಲ್ಪ ಕಡಿಮೆ. ‘ನಿದ್ದೆ’ ಅಂದರೆ ರಾತ್ರಿ ಎಲೆ ಮಡಚುವ ಗಿಡಗಳು ನೆನಪಾಗುತ್ತವೆ.

ನನಗೆ ಜಾಸ್ತಿ ಹಿಡಿಸಿದ್ದು ‘ಹುದುಗು’. ಮೇಲೆ ಕಾಣದಿದ್ದರೂ ಒಳಗೆ ಇದೆ ಎಂಬ ಭಾವ ಅದರಲ್ಲಿದೆ. ಹೀಗೆ ಬರೆದು ನೋಡಿದೆ: ‘ಗೆಡ್ಡೆ ಹುದುಗಿರುವಾಗ ನೀರು ಹಾಕಬೇಡಿ, ಕೊಳೆಯುತ್ತದೆ. ಒಣಗಿಸಿ ಎತ್ತಿಡಿ, 15 ಡಿಗ್ರಿಗಿಂತ ಕೆಳಗಿನ ಚಳಿ ತಾಗದಿರಲಿ. ಮಣ್ಣು 20 ಡಿಗ್ರಿ ದಾಟಿ ಬೆಚ್ಚಗಾದ ಮೇಲೆ ನೆಡಿ.’ ಓದಲು ಚೆನ್ನಾಗಿದೆ. ಆದರೆ ಮಣ್ಣಿನಿಂದ ಎತ್ತಿ ಡಬ್ಬದಲ್ಲಿಟ್ಟ ಗೆಡ್ಡೆಯನ್ನೂ ‘ಹುದುಗಿದೆ’ ಅನ್ನಬಹುದೇ? ಅಲ್ಲೇ ನನಗೆ ಅನುಮಾನ.

‘ಕಣ್ಣು’ ಮಾತ್ರ ಏನೂ ತೊಂದರೆ ಕೊಡಲಿಲ್ಲ. ಆಲೂಗೆಡ್ಡೆಗೆ ಇರುವಂತೆ ಇದಕ್ಕೂ ಕಣ್ಣುಗಳಿವೆ. ನಡುವಿನ ದೊಡ್ಡ ಕಣ್ಣನ್ನು ಕಿತ್ತರೆ ಸುತ್ತಲಿನ ಸಣ್ಣ ಕಣ್ಣುಗಳು ಒಡೆದು, ಗಿಡ ಪೊದೆಯಾಗಿ ಬರುತ್ತದೆ. ಕಣ್ಣು ಮೇಲೆ ಬರುವಂತೆ ಸುಮಾರು 5 ಸೆಂಟಿಮೀಟರ್ ಆಳಕ್ಕೆ ನೆಟ್ಟರೆ ಸಾಕು. ತಲೆಕೆಳಗಾದರೂ ಮೊಳಕೆ ಬರುತ್ತದೆ, ತಡವಾಗಿ ಅಷ್ಟೇ. ‘ಕಣ್ಣು ಒಡೆಯಿತು’ ಎಂಬ ಮಾತು ಎಷ್ಟು ಸಲೀಸು ನೋಡಿ! ಅದಕ್ಕೆ ವಿರುದ್ಧವಾದ ಮಾತನ್ನೇ ನಾನು ಹುಡುಕುತ್ತಿರುವುದು.

ಹೆಸರಿನ ಬಗ್ಗೆಯೂ ಒಂದು ಮಾತು. ಕ್ಯಾಲೇಡಿಯಂ ಎಂಬುದು ಮಲಯ ಭಾಷೆಯ ‘ಕೆಲಾಡಿ’ಯಿಂದ ಬಂದದ್ದು. ಅಲ್ಲಿ ಅದು ಕೆಸುವಿನ ಜಾತಿಯ ಗಿಡಗಳ ಹೆಸರು. ಗಿಡ ಮಾತ್ರ ದಕ್ಷಿಣ ಅಮೆರಿಕದ್ದು! ಹಾಗಾಗಿ ‘ಬಣ್ಣದ ಕೆಸು’ ಅನ್ನಲು ಆಸೆ. ಆದರೆ ಕೆಸು ಅಂದ ಕೂಡಲೇ ತಿನ್ನುವ ಗಿಡ ಅಂದುಕೊಳ್ಳುತ್ತಾರೆ. ಇದನ್ನು ಬಾಯಿಗೆ ಹಾಕಬಾರದು. ಇದರಲ್ಲಿರುವ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳು ನಾಲಿಗೆ, ಗಂಟಲನ್ನು ಉರಿಸುತ್ತವೆ. ಅದಕ್ಕೇ ಸದ್ಯ ಕ್ಯಾಲೇಡಿಯಂ ಅಂತಲೇ ಬರೆದಿದ್ದೇನೆ.

ಗೆಡ್ಡೆ ಬೆಳೆಯುವವರು ಈ ಎಲೆಯಿಲ್ಲದ ತಿಂಗಳುಗಳಿಗೆ ಏನನ್ನುತ್ತೀರಿ? ನಿಮ್ಮ ಮನೆಮಾತಿನಲ್ಲಿ ಇದ್ದರೆ ದಯವಿಟ್ಟು ತಿಳಿಸಿ, ಒಂದು ವಾಕ್ಯದಲ್ಲಿ ಬಳಸಿ ತೋರಿಸಿದರೆ ಇನ್ನೂ ಒಳ್ಳೆಯದು.